ಒಡಲು, ಅಂಚು, ಸೆರಗು: ಚೆಂದದ ಕೋಣೆಗಳನ್ನು ನೋಡುವ ಬಗೆ

(ದತ್ತಿ ಉಪನ್ಯಾಸದ ಪಠ್ಯ)



ಮನೆ ಕಟ್ಟಿಸುತ್ತಿರುವವರ, ಹೊಸದಾಗಿ ಫ್ಲಾಟ್ ಕೊಂಡವರ ಮೊಬೈಲ್ ತುಂಬ ಇವತ್ತು ಕೋಣೆಗಳ ಚಿತ್ರಗಳೇ ಇರುತ್ತವೆ. ಯಾವುದೋ ಹೋಟೆಲಿನ ಹಜಾರ, ಯಾರದೋ ಮನೆಯ ದೇವರಕೋಣೆ, ಅರಮನೆಯೊಂದರ ಚಾವಣಿ. ಅವನ್ನು ಒಳಾಂಗಣ ವಿನ್ಯಾಸ ಮಾಡುವವರ ಮುಂದೆ ಹಿಡಿದು ‘ನಮಗೂ ಹೀಗೇ ಬೇಕು’ ಎನ್ನುತ್ತಾರೆ. ಆ ಆಸೆಯ ಬಗ್ಗೆ ನನಗೆ ಗೌರವವಿದೆ. ಚೆಂದದ ಕೋಣೆಯೊಂದನ್ನು ಕಂಡವರಿಗೆ ತಮ್ಮ ಮನೆಯೂ ಹಾಗಿರಲಿ ಅನ್ನಿಸುವುದು ಸಹಜ. ನಮ್ಮ ದೊರೆಗಳೂ ಕುಶಲಕರ್ಮಿಗಳೂ ಹಾಗೆ ಕಂಡು, ಬೆರಗಾಗಿ, ತಮ್ಮಲ್ಲೂ ಮಾಡಿಸಿಕೊಂಡವರೇ. ನಾವು ಎಡವುತ್ತಿರುವುದು ಅಲ್ಲಿಂದ ತರಬೇಕಾದ್ದೇನು ಎಂಬಲ್ಲಿ. ಕಂಬ ತರುತ್ತೇವೆ, ಬಾಗಿಲು ತರುತ್ತೇವೆ, ಸಿಗದಿದ್ದರೆ ಅದರ ಫೈಬರ್ ನಕಲು ತರುತ್ತೇವೆ. ಆ ಕಂಬ ಅಲ್ಲೇ ಯಾಕೆ ನಿಂತಿತ್ತು, ಅದರ ಕೆತ್ತನೆ ಎಲ್ಲಿ ಶುರುವಾಗಿ ಎಲ್ಲಿ ನಿಲ್ಲುತ್ತಿತ್ತು ಎಂಬುದನ್ನು ಅಲ್ಲೇ ಬಿಟ್ಟು ಬರುತ್ತೇವೆ.

ನಾನು ಹೇಳಬೇಕೆಂದಿರುವುದು ಒಂದೇ ಮಾತು. ನಮ್ಮ ನಾಡಿನ ಒಳ್ಳೆಯ ಕೋಣೆಗಳಲ್ಲಿ ಅಲಂಕಾರಕ್ಕೆ ಗೊತ್ತಾದ ಜಾಗವಿದೆ. ಎರಡು ವಸ್ತುಗಳು ಕೂಡುವ ಕಡೆ, ಮನುಷ್ಯ ದಾಟುವ ಕಡೆ ಅದು ಬಂದು ಕೂರುತ್ತದೆ. ಉಳಿದೆಡೆ ಗೋಡೆಯನ್ನು ಅದರ ಪಾಡಿಗೆ ಬಿಟ್ಟಿರುತ್ತಾರೆ. ಚೆಂದದ ಕೋಣೆಗೆ ಹೋದಾಗ ಏನನ್ನು ಇಟ್ಟಿದ್ದಾರೆ ಎಂಬುದರಷ್ಟೇ ಎಲ್ಲಿ ಏನನ್ನೂ ಇಟ್ಟಿಲ್ಲ ಎಂಬುದನ್ನೂ ನೋಡಬೇಕು.

ಬೀದರ್ ಕೋಟೆಯ ರಂಗೀನ್ ಮಹಲಿನಿಂದ ಶುರು ಮಾಡೋಣ. ಗುಂಬದ್ ದರ್ವಾಜಾ ದಾಟಿದರೆ ಹತ್ತಿರದಲ್ಲೇ ಇದೆ. ಬಹಮನಿಗಳ ಕಾಲದ ಕಟ್ಟಡವನ್ನು ಈಗಿನ ರೂಪಕ್ಕೆ ತಂದವನು ಬರೀದ್ ಶಾಹಿ ದೊರೆ ಅಲಿ ಬರೀದ್; ಅವನ ಆಳ್ವಿಕೆ 1542ರಿಂದ 1580ರವರೆಗೆ. ಹೊರಗಿನಿಂದ ನೋಡಿದವರಿಗೆ ಇದು ಕೋಟೆಯ ಒರಟು ಕಲ್ಲುಗೋಡೆಯ ಮುಂದುವರಿಕೆ ಅಷ್ಟೇ. ಇದು ಹೆಸರೇ ಹೇಳುವ ‘ಬಣ್ಣದ ಅರಮನೆ’ ಎಂದು ಯಾರೂ ಹೇಳಲಾರರು. ಒಳಗೆ ಮರದ ಕಂಬಗಳ ಹಜಾರ. ಕಂಬದ ನಡುಭಾಗಕ್ಕಿಂತ ಅದು ತೊಲೆಯನ್ನು ಹೊರುವ ತಲೆಯಲ್ಲಿ, ಬೋದಿಗೆಯಲ್ಲಿ ಕೆತ್ತನೆ ಬಿಗಿಯಾಗುತ್ತದೆ. ಭಾರ ಎಲ್ಲಿ ಕೈ ಬದಲಾಯಿಸುತ್ತದೋ ಉಳಿ ಅಲ್ಲಿ ಹೆಚ್ಚು ಹೊತ್ತು ನಿಂತಿದೆ.

ಹಜಾರದಿಂದ ಒಳಕೋಣೆಗೆ ಹೋಗುವ ಬಾಗಿಲಿನ ಬಳಿ ನಿಲ್ಲಿ. ಕಪ್ಪು ಬಸಾಲ್ಟ್ ಕಲ್ಲನ್ನು ನುಣ್ಣಗೆ ಉಜ್ಜಿ, ಅದರಲ್ಲಿ ಬಳ್ಳಿಯ ದಾರಿ ಕೊರೆದು, ಆ ದಾರಿಯಲ್ಲಿ ಮುತ್ತಿನ ಚಿಪ್ಪಿನ ತುಣುಕುಗಳನ್ನು ಕೂರಿಸಿದ್ದಾರೆ. ಎದುರಿಗೆ ನಿಂತಾಗ ಚಿಪ್ಪು ಬರಿಯ ಬಿಳುಪು. ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಅದರಲ್ಲಿ ಗುಲಾಬಿ, ಹಸಿರು, ನೀಲಿಯ ಛಾಯೆ ಹಾದುಹೋಗುತ್ತದೆ. ಅಂದರೆ ಈ ಅಲಂಕಾರ ಮಾಡಿರುವುದು ನಿಂತು ನೋಡುವವರಿಗಲ್ಲ, ಬಾಗಿಲು ದಾಟುವವರಿಗೆ. ನಡೆಯುವ ಕಣ್ಣಿಗೆ ಮಾತ್ರ ಅದು ಪೂರ್ತಿ ಕಾಣುತ್ತದೆ. ಇದನ್ನೇ ಒಂದು ಹಾಲಿನ ನಡುಗೋಡೆಗೆ, ಸೋಫಾದ ಹಿಂದಕ್ಕೆ ಅಂಟಿಸಿದರೆ ಚಿಪ್ಪೂ ಉಳಿಯುತ್ತದೆ, ಬಳ್ಳಿಯೂ ಉಳಿಯುತ್ತದೆ. ಬಣ್ಣ ಹಾಯುವ ಆ ಕ್ಷಣ ಮಾತ್ರ ಹೋಗುತ್ತದೆ.

ಅದೇ ಊರಿನ ಬಿದ್ರಿ ಕೆಲಸವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಹದಿನಾರು ಪಾಲು ಸತು, ಒಂದು ಪಾಲು ತಾಮ್ರ ಎಂಬುದು ಸಾಮಾನ್ಯ ಲೆಕ್ಕ. ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ದು, ಅರದಿಂದ ಉಜ್ಜಿ, ಮೈಲುತುತ್ತದ ನೀರು ಸವರಿ ಮೈಯನ್ನು ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ, ಕೊರೆಯುವ ಗೆರೆ ಕಾಣಲೆಂದು. ಕೊರೆದ ಗೆರೆಯೊಳಗೆ ಬೆಳ್ಳಿಯ ತಂತಿಯನ್ನು ಸುತ್ತಿಗೆಯಿಂದ ತಟ್ಟಿ ಕೂರಿಸುತ್ತಾರೆ. ಆಮೇಲೆ ಎಲ್ಲವನ್ನೂ ಉಜ್ಜಿದಾಗ ಆ ಕಪ್ಪು ಹೋಗಿ ಬೆಳ್ಳಿಯೂ ಸತುವೂ ಬಹುಪಾಲು ಒಂದೇ ಬಣ್ಣವಾಗಿ, ಮಾಡಿದ ಚಿತ್ತಾರವೇ ಕಣ್ಮರೆಯಾಗುವ ಒಂದು ಘಟ್ಟ ಬರುತ್ತದೆ. ಕಡೆಯಲ್ಲಿ ಕೋಟೆಯ ಹಳೆಯ ಭಾಗದ, ಬಿಸಿಲು ಮಳೆ ಕಾಣದ ಮಣ್ಣನ್ನು ನವಸಾಗರದೊಂದಿಗೆ ನೀರಲ್ಲಿ ಕಲಸಿ, ಬೆಚ್ಚಗಿನ ಪಾತ್ರೆಗೆ ಹಚ್ಚುತ್ತಾರೆ. ಮಣ್ಣು ಸರಿಯಾಗಿದೆಯೇ ಎಂದು ನಾಲಗೆಗೆ ತಾಗಿಸಿ ನೋಡುವ ಕುಶಲಿಗರಿದ್ದಾರೆ. ಸತು ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ.

ಈ ಕೆಲಸದಲ್ಲಿ ನನಗೆ ಬಹಳ ದೊಡ್ಡದಾಗಿ ಕಾಣುವುದು ಆ ಕಡೆಯ ಕಪ್ಪು. ಬೆಳ್ಳಿಗಿಂತ ಕಪ್ಪಿಗೆ ಪಟ್ಟ ಪಾಡು ಕಡಿಮೆಯಲ್ಲ. ಹಿನ್ನೆಲೆ ಎಂದರೆ ಉಳಿದುಹೋದ ಜಾಗವಲ್ಲ. ಅದನ್ನೂ ಮಾಡಬೇಕು, ಅದಕ್ಕೂ ಮಣ್ಣು ಆರಿಸಬೇಕು. 2023ರಲ್ಲಿ ಬೀದರಿನ ಬಿದ್ರಿ ಕುಶಲಿಗ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂದಾಗ ಪತ್ರಿಕೆಗಳಲ್ಲಿ ಬೆಳ್ಳಿಯ ಹೂಬಳ್ಳಿಯ ಚಿತ್ರಗಳು ಬಂದವು. ನಿಮ್ಮ ಮನೆಯಲ್ಲಿ ಬಿದ್ರಿಯ ಹೂದಾನಿ ಇದ್ದರೆ ಒಮ್ಮೆ ಬೆಳ್ಳಿಯನ್ನು ಬಿಟ್ಟು ಬರಿಯ ಕಪ್ಪನ್ನು ನೋಡಿ. ಅದು ಎಷ್ಟು ಆಳವಾಗಿದೆಯೋ ಹೂವು ಅಷ್ಟು ಎದ್ದು ಬಂದಿರುತ್ತದೆ. ಮನೆಯ ಗೋಡೆಗೆ ಬಣ್ಣ ಆರಿಸುವವರಿಗೆ ಇದಕ್ಕಿಂತ ಒಳ್ಳೆಯ ಪಾಠವನ್ನು ನಾನು ಕಂಡಿಲ್ಲ.

ಅಲಂಕಾರ ಎಲ್ಲಿ, ಬರಿದು ಎಲ್ಲಿ ಎಂಬ ಈ ಲೆಕ್ಕ ನಮ್ಮ ಹೆಣ್ಣುಮಕ್ಕಳಿಗೆ ಯಾರೂ ಹೇಳಿಕೊಡದೆಯೇ ಗೊತ್ತು. ಒಂದು ಇಳಕಲ್ ಸೀರೆಯನ್ನು ಬಿಡಿಸಿ ಹಾಸಿದರೆ ಚೆಂದದ ಕೋಣೆಯ ನಕ್ಷೆಯೇ ಅದರಲ್ಲಿದೆ. ಒಡಲು ಬಹುಮಟ್ಟಿಗೆ ಸರಳ, ಹೆಚ್ಚೆಂದರೆ ಸಣ್ಣ ಗೆರೆ ಅಥವಾ ಚೌಕಳಿ. ಅಂಚು ಗಟ್ಟಿ ಬಣ್ಣದ್ದು. ಕೆಂಪು ಬಿಳಿಯ ಸೆರಗು. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಯೆಳೆಯಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಆ ಕೂಡುವ ಜಾಗವನ್ನು ನೇಕಾರರು ಬಚ್ಚಿಡುವುದಿಲ್ಲ. ಸೀರೆಯ ಸೊಗಸು ಅಲ್ಲಿಂದಲೇ ಶುರು. ಮೈತುಂಬ ಸೆರಗಿನ ನೇಯ್ಗೆಯೇ ಇರುವ ಸೀರೆಯನ್ನು ಯಾರೂ ಕೇಳುವುದಿಲ್ಲ. ಆದರೆ ಮನೆಯ ವಿಷಯಕ್ಕೆ ಬಂದಾಗ ನಾಲ್ಕೂ ಗೋಡೆಗೆ ಸೆರಗನ್ನೇ ಕೇಳುತ್ತೇವೆ.

ಇಷ್ಟು ಕೇಳಿದವರು ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಮಾತೆತ್ತುತ್ತಾರೆ, ಎತ್ತಲೇಬೇಕು. 1784ರಲ್ಲಿ ಟಿಪ್ಪು ಸುಲ್ತಾನ ಕಟ್ಟಿಸಿದ ಈ ಬೇಸಿಗೆ ಅರಮನೆಯಲ್ಲಿ ಬರಿಯ ಗೋಡೆಯೇ ಇಲ್ಲ. ಪಶ್ಚಿಮದ ಗೋಡೆಯ ಮೇಲೆ 1780ರ ಪೊಳ್ಳಿಲೂರು ಕಾಳಗ. ಹೈದರ್, ಟಿಪ್ಪು, ಇಂಗ್ಲಿಷರ ಕರ್ನಲ್ ಬೇಲಿಯ ಸೋಲು. ಒಳಗೆ ಹೋದರೆ ಕಂಬ, ಕಮಾನು, ಗೋಡೆ ಎಲ್ಲಕ್ಕೂ ಹೂ, ಎಲೆ, ಬಳ್ಳಿ. ಚಾವಣಿಗೂ ಬಣ್ಣ ಬಳಿದ ಕ್ಯಾನ್ವಾಸ್ ಹೊದಿಸಿದ್ದಾರೆ. ಇಷ್ಟಾದರೂ ಆ ಕೋಣೆ ಕಣ್ಣನ್ನು ದಣಿಸುವುದಿಲ್ಲ. ಯಾಕೆ?

ಮೊದಲು ಬೆಳಕನ್ನು ನೋಡಿ. ಕಟ್ಟಡದ ಸುತ್ತ ಆಳವಾದ ಜಗಲಿಯಿದೆ. ಬಿಸಿಲು ನೇರವಾಗಿ ಒಳಗೆ ಬರುವುದಿಲ್ಲ. ಜಗಲಿಯ ನೆಲಕ್ಕೆ ಬಿದ್ದು, ಚೆದುರಿ, ಸುಸ್ತಾಗಿ ಬರುತ್ತದೆ. ಆ ಮಂದ ಬೆಳಕಿನಲ್ಲಿ ಕೆಂಪು, ಹಸಿರು, ಹೊನ್ನಿನ ಬಣ್ಣಗಳು ಒಂದನ್ನೊಂದು ತಳ್ಳದೆ ಒಟ್ಟಾಗಿ ಕುಳಿತಿವೆ. ಎರಡನೆಯದಾಗಿ, ಇಲ್ಲಿ ಹೂಬಳ್ಳಿ ಎಲ್ಲೂ ಅಡ್ಡಾದಿಡ್ಡಿ ಹರಿದಿಲ್ಲ. ಪ್ರತಿಯೊಂದು ಪಟ್ಟಿಗೂ ಗೆರೆಯ ಅಂಚಿದೆ, ಚೌಕಟ್ಟಿದೆ. ಕಂಬ ಮುಗಿದು ಕಮಾನು ಶುರುವಾಗುವಲ್ಲಿ ವಿನ್ಯಾಸ ಬದಲಾಗುತ್ತದೆ. ಮೂರನೆಯದು ನಾವು ಸಾಮಾನ್ಯವಾಗಿ ಮರೆಯುವಂಥದ್ದು: ಆ ಕೋಣೆಯಲ್ಲಿ ಸಾಮಾನು ಕಡಿಮೆ. ಜಮಖಾನೆ, ಲೋಡುದಿಂಬಿನ ಕಾಲದ ಬೈಠಕ್ಕು ಅದು. ಗೋಡೆ ತುಂಬಿತ್ತು, ನೆಲ ತೆರವಾಗಿತ್ತು. ಇವತ್ತು ಆ ಗೋಡೆಯ ವಿನ್ಯಾಸವನ್ನು ವಾಲ್‌ಪೇಪರಿನಲ್ಲಿ ಅಚ್ಚು ಮಾಡಿಸಿ, ಬಿಳಿ ಟ್ಯೂಬ್‌ಲೈಟಿನ ಕೆಳಗೆ, ಸೋಫಾ, ಟೀಪಾಯಿ, ಟಿವಿ, ಶೋಕೇಸು ತುಂಬಿದ ಹಾಲಿಗೆ ಅಂಟಿಸಿದರೆ ಅದು ಯಾಕೆ ಉಸಿರು ಕಟ್ಟಿಸುತ್ತದೆ ಎಂಬುದಕ್ಕೆ ಉತ್ತರ ಇಲ್ಲಿದೆ. ವಿನ್ಯಾಸದ ತಪ್ಪಲ್ಲ. ಅದರ ಬೆಳಕನ್ನೂ ಅದರ ತೆರವನ್ನೂ ಬಿಟ್ಟು ಅದೊಂದನ್ನೇ ಕಿತ್ತು ತಂದೆವು.

    

ಅರಮನೆಗಳನ್ನು ಬಿಟ್ಟು ಸಾಗರ, ಸೊರಬ, ಸಿದ್ದಾಪುರದ ಕಡೆಯ ದೀವರ ಸಮುದಾಯದ ಮನೆಗಳಿಗೆ ಬರುತ್ತೇನೆ. ನನ್ನ ಮನಸ್ಸು ಹೆಚ್ಚು ನಿಲ್ಲುವುದು ಇಲ್ಲಿ. ಕೆಮ್ಮಣ್ಣು ಬಳಿದ ಗೋಡೆ. ಅದರ ಮೇಲೆ ನೆನೆಸಿ ಅರೆದ ಅಕ್ಕಿಯ ಬಿಳುಪಿನಿಂದ ಹೆಂಗಸರು ಬರೆಯುವ ಹಸೆ ಚಿತ್ತಾರ. ಕುಂಚ ಪುಂಡಿ ನಾರಿನದು. ಕಪ್ಪು ಬೇಕಾದರೆ ಸುಟ್ಟು ಕರಿಯಾದ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಕೈಯಳತೆಯಲ್ಲೇ ಎಳೆಯ ಪಕ್ಕ ಎಳೆ, ಸ್ಕೇಲು ಇಲ್ಲ, ಅಳಿಸುವುದೂ ಇಲ್ಲ. ಚಿಕ್ಕ ಹುಡುಗಿಯರು ಹಿರಿಯರ ಪಕ್ಕ ಕೂತು ಮೊದಲು ಎಳೆ ಎಳೆಯುವುದನ್ನೇ ಕಲಿಯುತ್ತಾರೆ. ಭತ್ತದ ತೆನೆ, ಬಾಸಿಂಗ, ಜೋಗಿಜಡೆ ಎಲ್ಲವೂ ಆ ಎಳೆಗಳ ಲೆಕ್ಕದಲ್ಲಿ ಹುಟ್ಟುವಂಥವು.

ಚಿತ್ತಾರ ಗೋಡೆಯ ನಡುವೆಯೇ ಇದೆಯಲ್ಲ, ಕೂಡುವ ಜಾಗ ಎಲ್ಲಿ ಬಂತು ಎಂದು ನೀವು ಕೇಳಬಹುದು. ಅದು ಗೋಡೆಯ ಯಾವುದೋ ನಡುವಲ್ಲ. ಮದುವೆಯ ದಿನ ಹೆಣ್ಣು ಗಂಡು ಬಂದು ಹಸೆಯ ಮೇಲೆ ಕೂರುವ ಜಾಗ. ಎರಡು ಮನೆ ಕೂಡುವ ಆ ಹೊತ್ತಿಗಾಗಿ ಆ ಗೋಡೆಗೆ ಚಿತ್ತಾರ. ಅದರ ಸುತ್ತ ಅಂಚಿನ ಎಳೆಗಳಿವೆ. ಅಂಚಿನ ಆಚೆ ಕೆಮ್ಮಣ್ಣು ತೆಪ್ಪಗಿದೆ. ಈಚೆಗೆ ಈ ಚಿತ್ತಾರವನ್ನು ಊಟದ ಹೋಟೆಲುಗಳ ಗೋಡೆಗೆ, ಲಿಫ್ಟಿನ ಬಾಗಿಲಿಗೆ ಸ್ಟಿಕರ್ ಮಾಡಿ ಅಂಟಿಸುವುದನ್ನು ಕಾಣುತ್ತೇವೆ. ನಾನದನ್ನು ಬೇಡ ಎನ್ನುವುದಿಲ್ಲ. ಆದರೆ ಮನೆಯಲ್ಲಿ ಮದುವೆಯೋ ನಾಮಕರಣವೋ ಇದ್ದಾಗ ಚಿತ್ತಾರ ಬಲ್ಲವರನ್ನು ಕರೆಸಿ, ಅವರ ದಿನದ ಕೂಲಿಗೆ ಕಡಿಮೆಯಾಗದಂತೆ ಕೊಟ್ಟು, ಕೂರುವ ಜಾಗದ ಹಿಂದಿನ ಗೋಡೆಯೊಂದಕ್ಕೇ ಬರೆಸಿದರೆ ಆ ಕೋಣೆಗೆ ಬರುವ ಕಳೆಯೇ ಬೇರೆ.

ಕರಾವಳಿಯ ಕಾವಿ ಕಲೆಯದೂ ಎರಡೇ ಬಣ್ಣದ ಸಂಸಾರ. ಸುಣ್ಣದ ಗಾರೆಯ ಮೇಲೆ ಕೆಂಪು ಕಾವಿ ಬೆರೆಸಿದ ತೆಳು ಪದರ ಹಚ್ಚಿ, ಅದು ಹಸಿಯಿರುವಾಗಲೇ ಕೈವಾರ, ಚೂಪು ಕಬ್ಬಿಣದಿಂದ ಗೆರೆ ಎಳೆದು, ಬೇಡದ ಕೆಂಪನ್ನು ಕೆರೆದು ತೆಗೆಯುತ್ತಾರೆ. ಕೆಳಗಿನ ಬಿಳಿ ಎದ್ದು ಬರುತ್ತದೆ. ಬಣ್ಣ ಹಚ್ಚುವುದಲ್ಲ, ಬಣ್ಣ ತೆಗೆಯುವುದು ಇಲ್ಲಿನ ಕಸುಬು. ಗೋಡೆಯ ಮೈಯಲ್ಲೇ ಚಿತ್ರವಿರುವುದರಿಂದ ಕರಾವಳಿಯ ಮಳೆಗಾಲಗಳನ್ನು ತಡೆದುಕೊಂಡಿದೆ. ಹೊನ್ನಾವರದ ಡಾ. ಕೃಷ್ಣಾನಂದ ಕಾಮತರು ಕ್ಯಾಮೆರಾ ಹಿಡಿದು ಊರೂರು ಸುತ್ತಿ ಇದನ್ನು ದಾಖಲಿಸದೆ ಇದ್ದಿದ್ದರೆ ನಮ್ಮಲ್ಲಿ ಅನೇಕರಿಗೆ ಅದರ ಹೆಸರೂ ಗೊತ್ತಿರುತ್ತಿರಲಿಲ್ಲ. ಜೀರ್ಣೋದ್ಧಾರವೆಂದರೆ ಗೋಡೆಗೆ ಟೈಲ್ಸು ಹಾಕಿಸುವುದು ಎಂದು ನಂಬಿದ ಊರುಗಳಲ್ಲಿ ಎಷ್ಟೋ ಕಾವಿ ಗೋಡೆಗಳು ಅಳಿದುಹೋದವು. ಉಳಿದಿರುವ ಕಡೆ ಕೈಮುಗಿದು ಕೇಳಿಕೊಳ್ಳುತ್ತೇನೆ, ಮುಟ್ಟಬೇಡಿ.

ಮತ್ತೊಮ್ಮೆ ಅರಮನೆಗೆ ಮರಳಿ, ಮೈಸೂರಿನದರ ಬಗ್ಗೆ ಎರಡೇ ಮಾತು. 1897ರ ಬೆಂಕಿಯ ನಂತರ ಹೆನ್ರಿ ಇರ್ವಿನ್ ರೂಪಿಸಿ 1912ರಲ್ಲಿ ಮುಗಿದ ಆ ಕಟ್ಟಡದ ಕಲ್ಯಾಣ ಮಂಟಪಕ್ಕೆ ಹೋದವರೆಲ್ಲ ತಲೆಯೆತ್ತಿ ಬಣ್ಣದ ಗಾಜಿನ ಗುಮ್ಮಟವನ್ನು ನೋಡುತ್ತಾರೆ. ಗುಮ್ಮಟದ ಕಬ್ಬಿಣದ ಕೆಲಸ ಗ್ಲಾಸ್ಗೋದ ವಾಲ್ಟರ್ ಮ್ಯಾಕ್‌ಫರ್ಲೇನ್ ಕಾರ್ಖಾನೆಯದು, ಗಾಜಿನೊಳಗಿನ ನವಿಲು ನಮ್ಮದು. ಅಲ್ಲಿ ಗಮನಿಸಬೇಕಾದ್ದು, ಗಾಜಿನಲ್ಲಿ ಕಂಡ ನವಿಲು ಕಾಲ ಕೆಳಗಿನ ನೆಲದಲ್ಲಿ ಮೊಸಾಯಿಕ್ ಆಗಿ ಮತ್ತೆ ಬಂದಿರುವುದು. ಒಂದೇ ಆಕಾರ ಎರಡು ವಸ್ತುಗಳಲ್ಲಿ ಬಂದಾಗ ಆ ಮಂಟಪದ ಮೇಲೂ ಕೆಳಗೂ ಒಂದಾಗುತ್ತವೆ. ಹತ್ತು ಬಗೆಯ ಹೂ ತಂದು ಸುರಿಯುವ ಬದಲು ಒಂದನ್ನು ಆರಿಸಿ, ಪರದೆಯ ಅಂಚಿನಲ್ಲಿ, ದೀಪದ ಕೆಳಗೆ, ನೆಲದ ಮೂಲೆಯಲ್ಲಿ ಕಾಣಿಸಬಹುದು.

ಇನ್ನೊಂದು ಸಂಗತಿ ವಿನ್ಯಾಸದ ಪುಸ್ತಕಗಳಲ್ಲಿ ಸಿಗುವುದು ಕಡಿಮೆ. ನಮ್ಮ ಹಳೆಯ ಕೋಣೆಗಳು ನೆಲದ ಮೇಲೆ ಕೂರುವವರಿಗಾಗಿ ಆದವು. ತೊಟ್ಟಿಮನೆಯ ಪಡಸಾಲೆಯಲ್ಲಿ ನಿಂತು ನೋಡಿದರೆ ಗೋಡೆಯ ಗೂಡುಗಳು ತೀರ ತಗ್ಗಿನಲ್ಲಿವೆ ಅನ್ನಿಸುತ್ತದೆ. ಗೋಡೆಗೆ ಒರಗಿ ಕೂತರೆ ದೀಪದ ಗೂಡು ಕಣ್ಣಿನ ಮಟ್ಟಕ್ಕೆ, ಎಲೆಯಡಿಕೆಯ ಗೂಡು ಕೈಗೆಟಕುವಂತೆ ಸಿಗುತ್ತವೆ. ಗೋಡೆಯ ಕೆಳಭಾಗಕ್ಕೆ ಕೆಮ್ಮಣ್ಣು, ಮೇಲೆ ಸುಣ್ಣ. ಬೆನ್ನು ತಾಗುವಲ್ಲಿ ಕೊಳೆ ಕಾಣಬಾರದು ಎಂಬುದರಿಂದ ಹುಟ್ಟಿದ ಪಟ್ಟಿ ಅದು, ಕಾಲಕ್ರಮದಲ್ಲಿ ಚೆಂದದ ಅಂಚೂ ಆಯಿತು. ಕೂತವರ, ಮಲಗಿದವರ ಕಣ್ಣು ಮೇಲೆ ಹೋಗುತ್ತದೆ, ಆದ್ದರಿಂದ ತೊಲೆ ಬೋದಿಗೆಗಳಿಗೆ ಕೆತ್ತನೆ. ತೊಲೆ ಎಷ್ಟು ದೂರ ಹಾಯಬಲ್ಲದೋ ಅಷ್ಟು ಅಂಕಣ, ಅಂಕಣಕ್ಕೆ ತಕ್ಕ ಕೋಣೆ. ಕುರ್ಚಿ ಬಂದಮೇಲೆ ನಮ್ಮ ಕಣ್ಣು ಒಂದೂವರೆ ಅಡಿ ಮೇಲೇರಿತು. ಹಾಗಾಗಿ ಹಳೆಯ ಮನೆಯ ಗೂಡನ್ನು ಹೊಸ ಮನೆಗೆ ತರುವಾಗ ಅದರ ಎತ್ತರವನ್ನು ಹಾಗೇ ತಂದರೆ ಸಾಲದು. ನೀವು ಎಲ್ಲಿ, ಹೇಗೆ ಕೂರುತ್ತೀರಿ ಎಂದು ನೋಡಿ ಇಡಿಸಬೇಕು.

ಇವನ್ನೆಲ್ಲ ಒಂದೇ ಕಡೆ ನೋಡಬೇಕೆಂದಿದ್ದರೆ ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜಿಗೆ ಹೋಗಿ. ವಿಜಯನಾಥ ಶೆಣೈಯವರು ಕೆಡವಲು ಸಿದ್ಧವಾಗಿದ್ದ ಮನೆಗಳನ್ನು ಬಿಡಿಬಿಡಿಯಾಗಿ ಬಿಚ್ಚಿ ತಂದು ಅಲ್ಲಿ ಮತ್ತೆ ನಿಲ್ಲಿಸಿದರು. ಕುಕನೂರಿನ ಕಮಲ ಮಹಲ್ ಇದೆ, ಮುಧೋಳ ಅರಮನೆಯ ದರ್ಬಾರು ಹಜಾರವಿದೆ, ಕರಾವಳಿಯ ಚೌಕಿ ಮನೆಗಳಿವೆ. ಅಲ್ಲಿ ಕಂಬವನ್ನಷ್ಟೇ ಉಳಿಸಿಲ್ಲ, ಕಂಬಕ್ಕೂ ತೊಲೆಗೂ ಇದ್ದ ನಂಟನ್ನು ಉಳಿಸಿದ್ದಾರೆ. ಹೋದಾಗ ಕ್ಯಾಮೆರಾ ತೆಗೆಯುವ ಮೊದಲು ಒಂದು ಕೋಣೆಯಲ್ಲಿ ಸುಮ್ಮನೆ ನಿಲ್ಲಿ. ಬೆಳಕು ಯಾವ ಕಡೆಯಿಂದ, ಎಷ್ಟು ಎತ್ತರದಿಂದ ಬರುತ್ತಿದೆ? ಕಣ್ಣು ಮೊದಲು ಎಲ್ಲಿ ತಂಗಿತು? ಅಲ್ಲಿಂದ ಮುಂದಿನ ಕೆತ್ತನೆಗೆ ನಡುವೆ ಎಷ್ಟು ಗೇಣು ಬರಿಯ ಗೋಡೆ? ಒಂದು ಪೆನ್ಸಿಲು ಹಿಡಿದು ಒರಟಾಗಿ ಗೀಚಿಕೊಂಡರೂ ಸಾಕು. ಫೋಟೋದಲ್ಲಿ ಬರದ ದೂರ ಆ ಗೀಚಿನಲ್ಲಿ ಬರುತ್ತದೆ.

ಇದರಿಂದ ಎರಡು ಬೆಡ್‌ರೂಮಿನ ಫ್ಲಾಟಿಗೆ ಏನು ಸಿಗುತ್ತದೆ ಎಂಬ ಪ್ರಶ್ನೆ ನ್ಯಾಯವಾದದ್ದು. ನಾನು ಮೊದಲು ಕೇಳಿಕೊಳ್ಳುವುದು, ಹತ್ತಡಿಯೂ ಇಲ್ಲದ ಎತ್ತರದಲ್ಲಿ ಪಿಒಪಿ ಚಾವಣಿ ಇಳಿಸಿ ಇರುವ ಗಾಳಿಯನ್ನೂ ಕಳೆದುಕೊಳ್ಳಬೇಡಿ. ಆ ದುಡ್ಡನ್ನು ಬಾಗಿಲಿಗೆ ಹಾಕಿ. ಮುಂಬಾಗಿಲ ಚೌಕಟ್ಟು ಮನೆಯವರೆಲ್ಲ ದಿನವೂ ಮುಟ್ಟಿ ದಾಟುವ ಜಾಗ. ಒಳ್ಳೆಯ ಬಡಗಿಯಿಂದ, ಒಳ್ಳೆಯ ಮರದಲ್ಲಿ, ಕೈಗೆ ಹಿತವಾಗುವಂತೆ ಮಾಡಿಸಿ. ನೆಲಕ್ಕೆ ಹೊಳೆಯುವ ದೊಡ್ಡ ಟೈಲ್ಸಿನ ಬದಲು ಒಂದು ಕೋಣೆಗಾದರೂ ರೆಡ್ ಆಕ್ಸೈಡ್ ನೆಲ ಹಾಕಿಸುವ ಧೈರ್ಯ ಮಾಡಿ. ನಮ್ಮ ಹಳೆಯ ಮನೆಗಳಲ್ಲಿ ಕೆಂಪು ನೆಲಕ್ಕೆ ಗೋಡೆಯ ಬುಡದಲ್ಲಿ ಕಪ್ಪು ಅಂಚು ಕೊಡುತ್ತಿದ್ದರು. ಹದ ಗೊತ್ತಿರುವ ಗಾರೆಯವರು ಕಡಿಮೆ ಉಳಿದಿದ್ದಾರೆ, ನೀರುಣಿಸಿ ಕಾಯಬೇಕು, ಅವಸರ ಮಾಡಿದರೆ ಬಿರುಕು ಬಿಡುತ್ತದೆ. ಆದರೆ ಅದು ಓಡಾಡಿದಷ್ಟೂ ನುಣುಪಾಗುವ ನೆಲ.

ಗೋಡೆಗಳಲ್ಲಿ ಒಂದನ್ನು ಆರಿಸಿ ಉಳಿದವನ್ನು ಬಿಡಿ. ಬಿಟ್ಟ ಗೋಡೆಯ ಬಣ್ಣವನ್ನೂ ಬಿದ್ರಿಯವರು ಮಣ್ಣು ಆರಿಸುವಷ್ಟು ಶ್ರದ್ಧೆಯಿಂದ ಆರಿಸಿ. ಡಬ್ಬದ ಮೇಲಿನ ಚೀಟಿ ನೋಡಿ ಅಲ್ಲ, ಆ ಗೋಡೆಗೇ ಒಂದು ಮೊಳ ಬಳಿದು, ಬೆಳಗ್ಗೆಯೂ ಸಂಜೆಯೂ ನೋಡಿ. ಕಸೂತಿಯ ಬಟ್ಟೆಯಾಗಲಿ, ಕಿನ್ನಾಳದ ಗೊಂಬೆಯಾಗಲಿ, ಬಿದ್ರಿಯ ತಟ್ಟೆಯಾಗಲಿ, ಒಂದು ಕೋಣೆಗೆ ಒಂದು ಸಾಕು. ಅದಕ್ಕೆ ಪಕ್ಕದಿಂದ ಬೆಳಕು ಬೀಳುವ ಜಾಗ ಕೊಡಿ.

ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ 1952ರಲ್ಲಿ ಶುರುವಾದ ಅಖಿಲ ಭಾರತ ಕರಕುಶಲ ಮಂಡಳಿಯನ್ನು ಮುನ್ನಡೆಸಿದರು. ಕೈಕೆಲಸ ದಿನಬಳಕೆಯಲ್ಲಿ ಉಳಿಯಬೇಕು, ಪ್ರದರ್ಶನದ ಗಾಜಿನ ಪೆಟ್ಟಿಗೆಗೆ ಸೇರಬಾರದು ಎಂಬ ನಿಲುವಿಗೆ ಅವರು ಬದುಕನ್ನೇ ಕೊಟ್ಟರು. ಆ ನಿಲುವು ಒಳಾಂಗಣ ಮಾಡಿಸುವವರಿಗೆ ನೇರವಾಗಿ ಅನ್ವಯಿಸುತ್ತದೆ. ಈಗ ನಾವು ಮನೆ ಪೂರ್ತಿ ಮುಗಿದ ಮೇಲೆ, ಖಾಲಿ ಕಂಡ ಗೋಡೆಗೆ ಏನಾದರೂ ತೂಗುಹಾಕಲು ಮೇಳಕ್ಕೆ ಹೋಗಿ ಒಂದು ಕಲಾಕೃತಿ ಹುಡುಕುತ್ತೇವೆ. ಕುಶಲಿಗ ನಮ್ಮ ಮನೆಯನ್ನು ಕಂಡಿಲ್ಲ, ನಾವು ಅವನ ಕೆಲಸದ ಮನೆಯನ್ನು ಕಂಡಿಲ್ಲ. ಗೋಡೆಗೆ ಗಾರೆ ಬೀಳುವ ಮೊದಲೇ ಅವರನ್ನು ಕರೆಸಿ. ಬಿದ್ರಿಯವರಾಗಲಿ, ಮರದ ಇನ್‌ಲೇ ಮಾಡುವ ಮೈಸೂರಿನವರಾಗಲಿ, ಚಿತ್ತಾರದ ಅಮ್ಮಂದಿರಾಗಲಿ, ಹೋಗಿಬರುವ ಖರ್ಚು ಕೊಟ್ಟು ಮನೆಯನ್ನು ತೋರಿಸಿ. ಇಲ್ಲಿ ಬೆಳಕು ಹೀಗೆ ಬರುತ್ತದೆ, ನಾವು ಇಲ್ಲಿ ಕೂರುತ್ತೇವೆ, ಇಲ್ಲಿ ದಾಟುತ್ತೇವೆ ಎಂದು ಹೇಳಿ. ಯಾವ ಜಾಗಕ್ಕೆ ಕೆಲಸ ಬೇಕು, ಯಾವುದನ್ನು ಹಾಗೇ ಬಿಡಬೇಕು ಎಂದು ಅವರನ್ನೇ ಕೇಳಿ. ಮುಂಗಡ ಕೊಡಿ, ಕೆಲಸಕ್ಕೆ ಬೇಕಾದಷ್ಟು ತಿಂಗಳು ಕೊಡಿ, ಹೇಳಿದ ಬೆಲೆಯಲ್ಲಿ ಚೌಕಾಸಿ ಮಾಡಬೇಡಿ.

 ಪ್ರಶ್ನೆಗಳಿದ್ದರೆ ಈಗ ಕೇಳಬಹುದು. ತಮ್ಮ ಮನೆಯ ನಕ್ಷೆ ತಂದವರಿದ್ದರೆ ಅದನ್ನೇ ಬಿಡಿಸಿಕೊಂಡು ಮಾತಾಡೋಣ.